ಮೆಣಸಿನಕಾಯಿ ಘಾಟಿಗೊಂದು ಗಾಳಿ ಮೀಟರು

ಕಣ್ಣಿಗೆ ಕಾಣದ್ದನ್ನು ಅಳೆಯುವ ಚಟ ಕೆಲವರಿಗಿರುತ್ತದೆ. ನನಗೂ ಇದೆ. ಶಿಕಾರಿಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ಹೇಳಿಕೊಟ್ಟು ನಾನು ಎಂಥವನಾಗಿದ್ದೇನೆಂದರೆ, ಒಲೆಯ ಮೇಲೆ ಹಾಲು ಉಕ್ಕಿದರೆ ಗ್ಯಾಸು ಆರಿಸುವುದು ಬಿಟ್ಟು ಅದು ಪಾತ್ರೆಯ ಯಾವ ಮಗ್ಗುಲಿನಿಂದ ಇಳಿಯಿತು ಅಂತ ಬಗ್ಗಿ ನೋಡುತ್ತೇನೆ. ಇದಕ್ಕೆ ನನ್ನ ಹೆಂಡತಿ ವಿಶಾಲು ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಅವಳ ತಾಯಿ ಮಾತ್ರ, “ಅಳಿಯಂದ್ರು ತಿಳಿದೋರು, ಎಂತದೋ ನೋಡ್ತಿದಾರೆ, ನೀ ಸುಮ್ನಿರೆ” ಅನ್ನುತ್ತಿದ್ದರು. ಕುಪ್ಪಗಡ್ಡೆಯಿಂದ ಬಂದು ನಮ್ಮ ಜೊತೆಗಿರುವ ಈ ಅತ್ತೆಯವರು ನಮ್ಮ ಮನೆಯಲ್ಲಿ ನನ್ನ ಪರವಾಗಿದ್ದ ಒಂದೇ ಒಂದು ಮತ. ವಿಶಾಲು ಅಡುಗೆಮನೆಯಲ್ಲಿರುವಾಗ ನಾವಿಬ್ಬರೂ ಹಾಲಿನಲ್ಲಿ ಕೂತು, ಹುಳಿಗೆ ಬೆಲ್ಲ ಸಾಲದು, ಪಲ್ಯ ಬೆಂದಿಲ್ಲ ಎಂದು ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಅದು ನನ್ನ ದಿನದ ಅತ್ಯಂತ ನೆಮ್ಮದಿಯ ಹೊತ್ತು.

ಅದಕ್ಕೇ ಸಂಚಕಾರ ಬಂತು. ಸಾರಿನ ಪುಡಿಗೆಂದು ವಿಶಾಲು ಮೆಣಸಿನಕಾಯಿ ಹುರಿದಾಗಲೆಲ್ಲ ಘಾಟು ಮನೆ ತುಂಬುತ್ತಿತ್ತು. ಮೊದಲೇ ದಮ್ಮಿನ ತೊಂದರೆಯಿರುವ ಅತ್ತೆ ಕೆಮ್ಮಿ ಕೆಮ್ಮಿ ಸುಸ್ತಾಗಿ, “ಇನ್ನೊಂದ್ಸಲ ಹಿಂಗಾದ್ರೆ ನಾ ಊರಿಗೆ ಹೊರಟೆ ಕಣೆ. ಅಲ್ಲಿ ನಿಮ್ಮಣ್ಣ ಅಂಗಡಿ ಪುಡಿನೇ ತರ್ತಾನೆ” ಎಂದರು. ಅಂಗಡಿ ಪುಡಿಯ ಹೆಸರೆತ್ತಿದ್ದೇ ತಪ್ಪಾಯಿತು. “ಹಂಗಾದ್ರೆ ಅಣ್ಣನ ಮನೆಲೇ ಸಾರು ಉಣ್ಣು” ಅಂದಳು ಮಗಳು. ತಾಯಿ ಮಗಳ ಹಟದ ನಡುವೆ ನನ್ನ ಮತ ಕೈಬಿಟ್ಟು ಹೋಗುವುದು ನನಗೆ ಸ್ಪಷ್ಟವಾಗಿ ಕಾಣಿಸಿತು.

ಸೊರಬಕ್ಕೆ ಮದುವೆಗೆ ಹೋದವನು ಅಲ್ಲಿಂದಲೇ ಒಂದು ಎಕ್ಸಾಸ್ಟ್ ಫ್ಯಾನು ತಂದೆ. “ಇದು ಎಳೆಯೋ ಜೋರಿಗೆ ನಿಮ್ಮನೆ ಕ್ಯಾಲೆಂಡರೂ ಹೊರಗೆ ಹೋಗುತ್ತೆ, ನೋಡ್ತಿರಿ ಸಾರ್” ಎಂದಿದ್ದ ಅಂಗಡಿಯವನು. ಕ್ಯಾಲೆಂಡರು ಅಲ್ಲೇ ಇತ್ತು, ಘಾಟೂ ಅಲ್ಲೇ ಇತ್ತು. ಫ್ಯಾನು ತಿರುಗುತ್ತಿತ್ತು, ಅತ್ತೆ ಕೆಮ್ಮುತ್ತಿದ್ದರು. ಬೇರೆಯವರಾಗಿದ್ದರೆ ಅಂಗಡಿಯವನನ್ನು ಬೈದು ಸುಮ್ಮನಾಗುತ್ತಿದ್ದರು. ನನಗೆ ಗಾಳಿ ನಿಜಕ್ಕೂ ಎಷ್ಟು ಹೋಗುತ್ತಿದೆ ಅಂತ ತಿಳಿಯಲೇಬೇಕಿತ್ತು. ಅಂಗೈಯಲ್ಲಿ ಹಿಡಿಯುವಂಥ, ಪುಟ್ಟ ಚಕ್ರವಿರುವ ಗಾಳಿ ಮೀಟರು ತರಿಸಿದೆ. ಗಾಳಿಗೆ ಹಿಡಿದರೆ ಚಕ್ರ ತಿರುಗಿ ಅದರ ವೇಗ ತೋರಿಸುತ್ತದೆ.

ಆ ಮೀಟರು ಬಂದ ವಾರ ನಾನು ಪೂರ್ತಿ ಬೇರೆ ಮನುಷ್ಯ. ಕಿಟಕಿಯ ಗಾಳಿ, ಅತ್ತೆಯ ಬೀಸಣಿಗೆಯ ಗಾಳಿ, ಬಾಗಿಲ ಸಂದಿಯ ಗಾಳಿ, ಎಲ್ಲ ಅಳೆದೆ. ಇದನ್ನು ನೋಡಿ ವಿಶಾಲು ಬಿಟ್ಟ ನಿಟ್ಟುಸಿರಿಗೂ ಹಿಡಿದೆ, ಬೀಸಣಿಗೆಗಿಂತ ಜೋರಾಗಿತ್ತು. ಫ್ಯಾನಿನ ವಿಷಯ ಇನ್ನೂ ಸ್ವಾರಸ್ಯ. ರೆಕ್ಕೆಯ ಅಂಚಿನಲ್ಲಿ ಗಾಳಿ ರಭಸವಾಗಿರುತ್ತದೆ, ನಡುವೆ ಮೋಟಾರಿನ ಮುಂದೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಅದಕ್ಕೇ ಅಲ್ಲಲ್ಲಿ ಹಿಡಿದು ಸರಾಸರಿ ತೆಗೆದು, ಫ್ಯಾನಿನ ಬಾಯಿಯ ವಿಸ್ತೀರ್ಣದಿಂದ ಗುಣಿಸಬೇಕು. ಗುಣಿಸಿದೆ. ಡಬ್ಬದ ಮೇಲೆ ಬರೆದಿದ್ದಷ್ಟೇ ಬಂತು.

“ಫ್ಯಾನಿನಲ್ಲಿ ಏನೂ ದೋಷವಿಲ್ಲ” ಎಂದು ಘೋಷಿಸಿದೆ.

“ಮತ್ತೆ ನಮ್ಮಮ್ಮ ಯಾಕ್ರೀ ಕೆಮ್ತಾರೆ? ಅವರಲ್ಲಿ ದೋಷನಾ?” ಎಂದಳು ವಿಶಾಲು.

ನಾನು ಮತ್ತೊಮ್ಮೆ ಗುಣಿಸಿ ನೋಡಿದೆ. ಅಷ್ಟರಲ್ಲಿ ಸಾರಿನ ಪುಡಿ ಮುಗಿಯಿತು. ಹುರಿಯುವ ಬೆಳಿಗ್ಗೆ ಅತ್ತೆ ಬ್ಯಾಗು ತುಂಬಿಕೊಂಡು, ಮೂಗಿಗೆ ಸೆರಗು ಹಿಡಿದು, ಸೊರಬದ ಬಸ್ಸಿಗೆ ಸಿದ್ಧರಾಗಿ ಹಾಲಿನಲ್ಲಿ ಕೂತರು. ನನಗೆ ನಿಜವಾಗಿ ಸಂಕಟವಾಯಿತು. ಇದೇ ಕೊನೆಯ ಅವಕಾಶ ಎಂದು ಮೀಟರು ಹಿಡಿದು ಅಡುಗೆಮನೆಗೆ ನುಗ್ಗಿದೆ. ಮೆಣಸಿನಕಾಯಿ ಹುರಿಯುವಾಗ ನಾನು ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಮಂಗಗಳ ಕಾಟಕ್ಕೆ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ವಿಶಾಲು ಬಾಗಿಲನ್ನೂ ಹಾಕಿ ಚಿಲಕ ಜಡಿದಳು. “ಇದ್ಯಾಕೆ?” ಎಂದೆ.

“ಅಮ್ಮಂಗೆ ಘಾಟು ಹೋಗ್ಬಾರ್ದಲ್ರೀ. ಯಾವಾಗ್ಲೂ ಹಾಕ್ಕೊಂಡೇ ಹುರಿಯೋದು.” ಅವಳ ಕಣ್ಣಿಂದಲೂ ನೀರು ಸುರಿಯುತ್ತಿತ್ತು. ಇಷ್ಟು ದಿನ ಅವಳು ಒಬ್ಬಳೇ ಆ ಘಾಟು ಕುಡಿದಿದ್ದಳು ಎಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ನಾಚಿಕೆಯಾಯಿತು.

ಫ್ಯಾನಿಗೆ ಮೀಟರು ಹಿಡಿದೆ. ಚಕ್ರ ತೂಕಡಿಸುತ್ತಿತ್ತು. ಕೆಮ್ಮು ತಡೆಯಲಾರದೆ ಓಡಿಹೋಗಲು ಬಾಗಿಲು ತೆರೆದೆ ನೋಡಿ, ಕೈಯಲ್ಲಿದ್ದ ಚಕ್ರ ಗಿರ್ರನೆ ತಿರುಗಿತು, ಹೊಗೆ ಫ್ಯಾನಿನತ್ತ ಬಾಗಿತು. ಮುಚ್ಚಿದೆ, ತೂಕಡಿಕೆ. ತೆರೆದೆ, ಗಿರ್ರ್. ಕೆಮ್ಮುತ್ತಲೇ ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಒಳಗೆ ಗಾಳಿ ಬರಲು ದಾರಿಯೇ ಇಲ್ಲದಿದ್ದರೆ ಫ್ಯಾನು ಪಾಪ ಯಾವುದನ್ನು ಹೊರಗೆ ಹಾಕೀತು? ನಾನು ಅಳೆದಾಗಲೆಲ್ಲ ಬಾಗಿಲು ಹಾರುಹೊಡೆದಿತ್ತು. ಇವಳು ಹುರಿದಾಗಲೆಲ್ಲ ಮುಚ್ಚಿತ್ತು. ಹೊರಹೋಗದ ಘಾಟು ಒಳಗೇ ತುಂಬಿಕೊಂಡಿದ್ದು, ಕೊನೆಗೆ ಅವಳು ಫ್ಯಾನು ಆರಿಸಿ ಚಿಲಕ ತೆಗೆದಾಗ ಒಟ್ಟಿಗೇ ಅತ್ತೆಯ ಮೇಲೆ ನುಗ್ಗುತ್ತಿತ್ತು.

“ಒಂದೋ ಒಳಗೆ ಬನ್ನಿ, ಇಲ್ಲ ಹೊರಗೆ ಹೋಗಿ. ಮೆಣಸಿನಕಾಯಿ ಸೀದು ಹೋಗ್ತಾ ಇದೆ” ಎಂದಳು ವಿಶಾಲು. ನಾನು ಬಾಗಿಲಿಗೆ ಒಂದು ಕಲ್ಲು ಒರಗಿಸಿದೆ. ಹಾಲಿನಲ್ಲಿ ಅತ್ತೆ ಅನುಮಾನದಿಂದಲೇ ಸೆರಗು ಇಳಿಸಿದರು. ಸೆರಗಿನ ತುದಿ ಮೆಲ್ಲಗೆ ಅಡುಗೆಮನೆಯ ಕಡೆಗೆ ಅಲುಗಿತು. ಅವರು ಕಾದರು. ಕೆಮ್ಮು ಬರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಬ್ಯಾಗಿನಿಂದ ಸೀರೆಗಳು ವಾಪಸು ಬೀರು ಸೇರಿದವು.

ಅಂದು ಮಧ್ಯಾಹ್ನ ಊಟವಾದ ಮೇಲೆ ಗೆದ್ದ ಹೆಮ್ಮೆಯಲ್ಲಿ ಅತ್ತೆಯ ಪಕ್ಕ ಕೂತು, ಎಂದಿನ ತಗ್ಗಿದ ದನಿಯಲ್ಲಿ, “ಸಾರು ಸ್ವಲ್ಪ ಖಾರವಾಗಿತ್ತು, ಅಲ್ವಾ?” ಎಂದೆ. ಅತ್ತೆ ಕಲ್ಲು ಒರಗಿಸಿದ ಬಾಗಿಲನ್ನೊಮ್ಮೆ ನೋಡಿದರು. ಅದರಾಚೆ ಪಾತ್ರೆ ತೊಳೆಯುವ ಸದ್ದು ಥಟ್ಟನೆ ನಿಂತಿತ್ತು.

“ಎಂತ ಅಳಿಯಂದ್ರೆ, ಸಾರು ಹದವಾಗೇ ಇತ್ತಪ್ಪ. ನನ್ನ ಮಗಳ ಕೈರುಚಿಗೆ ಯಾರು ಹೆಸರಿಡ್ತಾರೆ?” ಎಂದರು ಅತ್ತೆ, ಗಟ್ಟಿಯಾಗಿ.

ಆ ಬಾಗಿಲಲ್ಲಿ ಗಾಳಿ ಈಗ ಒಂದೇ ದಿಕ್ಕಿಗೆ ಹೋಗುತ್ತದೆ. ಹಾಲಿನಿಂದ ಅಡುಗೆಮನೆಗೆ. ನನ್ನ ಮಾತೂ ಅದರ ಜೊತೆಗೇ ಹೋಗುತ್ತದೆ ಎಂಬುದನ್ನು ಮಾತ್ರ ನಾನು ಅಳೆದಿರಲಿಲ್ಲ.