ಮೈಕಿನ ಮರ್ಯಾದೆ ಮತ್ತು ಮ್ಚೆದ್ಲಿಶ್ವಿಲಿ

ಕ್ಲಿಫರ್ಡ್ ಹೆಬಲ್‌ತ್ವೇಟ್‌ಗೆ ಈ ಭೂಮಿಯ ಮೇಲೆ ತನ್ನದು ಅಂತ ಇದ್ದದ್ದು ಎರಡೇ: ಹೆಂಡತಿ ನೊರೀನ್, ಮತ್ತು ಥಾರ್ಲ್‌ಬಿ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮೈಕು. ಎರಡರಲ್ಲಿ ಅವನ ಮಾತು ಕೇಳುತ್ತಿದ್ದದ್ದು ಮೈಕು ಮಾತ್ರ. ಅದೂ ಮಳೆ ಬಾರದ ದಿನ. (ಇಂಗ್ಲೆಂಡಿನ ಆ ಯಾರ್ಕ್‌ಷೈರಿನಲ್ಲಿ ಅಂಥ ದಿನ ವರ್ಷಕ್ಕೆ ಎಷ್ಟು ಎಂದು ಕೇಳಿ ಅವನ ಮನಸ್ಸು ನೋಯಿಸಬೇಡಿ.) ಇಪ್ಪತ್ತಾರು ವರ್ಷಗಳಿಂದ ಶನಿವಾರ ಮಧ್ಯಾಹ್ನ ಅವನು ಮೈದಾನದ ಮೂಲೆಯ ಮರದ ಗೂಡಿಗೆ ಏಣಿ ಹತ್ತಿ, ಗಂಟಲು ಸರಿಮಾಡಿಕೊಂಡು, ಹನ್ನೊಂದು ಆಟಗಾರರ ಹೆಸರನ್ನು ನಾನೂರು ಪ್ರೇಕ್ಷಕರಿಗೂ ಒಂದು ನಾಯಿಗೂ ಸಾರುತ್ತ ಬಂದಿದ್ದ. ಆ ಗಳಿಗೆಯಲ್ಲಿ ಅವನು ನಿವೃತ್ತ ಅಂಚೆ ನೌಕರನಲ್ಲ. ಚಕ್ರವರ್ತಿಗಳ ಆಗಮನವನ್ನು ಲೋಕಕ್ಕೆ ತಿಳಿಸುವ ವಂದಿಮಾಗಧ.

ಬೂತ್, ವಾರ್ಡ್, ಶಾ ಎಂದು ಹೆಸರುಗಳು ಒಂದೇ ತುತ್ತಿಗೆ ಇಳಿಯುತ್ತಿದ್ದ ಕಾಲದಲ್ಲಿ ತೊಂದರೆ ಇರಲಿಲ್ಲ. ಆಮೇಲೆ ಲೋಕದ ಮೂಲೆಮೂಲೆಗಳಿಂದ ಆಟಗಾರರು ಬರತೊಡಗಿದರು. ಹೋದ ವರ್ಷ ಸೆನೆಗಲ್‌ನಿಂದ ಬಂದ ಉಸೈನು ಬಾಜಿಯನ್ನು ಕ್ಲಿಫರ್ಡ್ ಒಂದೇ ಪಂದ್ಯದಲ್ಲಿ ನಾಲ್ಕು ಬಗೆಯಾಗಿ ಕರೆದ. ಥಾರ್ಲ್‌ಬಿಯವರು ಹದಿನಾಲ್ಕು ಜನರನ್ನು ಇಳಿಸಿದ್ದಾರೆ ಎಂದು ಎದುರು ತಂಡದವರು ರೆಫರಿಗೆ ದೂರು ಕೊಟ್ಟರು. ನೊಂದ ಉಸೈನು ಪಕ್ಕದ ಊರಿನ ಸ್ಕೆಲ್ಬಿ ರೋವರ್ಸ್ ಸೇರಿ, ಅಲ್ಲಿಂದ ಬಂದು ಥಾರ್ಲ್‌ಬಿಯ ಮೇಲೆಯೇ ಮೂರು ಗೋಲು ಹೊಡೆದು ಹೋದ. ಮೂರು ಸಲವೂ ಅವನ ಹೆಸರನ್ನು ಕ್ಲಿಫರ್ಡನೇ ಸಾರಬೇಕಾಯಿತು. ಐದನೇ, ಆರನೇ ಮತ್ತು ಏಳನೇ ಬಗೆ.

ಕ್ಲಬ್ಬಿನ ಅಧ್ಯಕ್ಷರಾದ ಬ್ಯಾರಕ್ಲಫ್ ಅವನನ್ನು ಕರೆಸಿದರು. ಅವರ ಕಸುಬು ಊರಿನ ಹೆಣಗಳ ಅಂತ್ಯಸಂಸ್ಕಾರ. ಮುಖವೂ ಅದಕ್ಕೊಪ್ಪುವಂತಿತ್ತು.

“ನೋಡು ಕ್ಲೈವ್, ಮೂವತ್ತು ವರ್ಷದಲ್ಲಿ ಸತ್ತೋರ ಹೆಸರನ್ನ ನಾನು ಒಂದ್ಸಲಾನೂ ತಪ್ಪು ಹೇಳಿಲ್ಲ. ಬದುಕಿರೋರ ಹೆಸರು ನಿನಗೆ ಬರಲ್ಲ ಅಂದ್ರೆ ಹೇಗಯ್ಯಾ?”

(ಹೌದು, ಕ್ಲೈವ್. ಇಪ್ಪತ್ತಾರು ವರ್ಷದ ಹಿಂದೆ, ಮೊದಲ ದಿನವೇ ಅವರು ಹಾಗೆ ಕರೆದಿದ್ದರು. ದೊಡ್ಡವರನ್ನು ಮೊದಲ ದಿನವೇ ತಿದ್ದುವುದು ಚೆನ್ನಾಗಿರುವುದಿಲ್ಲ, ಮುಂದಿನ ವಾರ ಹೇಳೋಣ ಎಂದುಕೊಂಡಿದ್ದ ಕ್ಲಿಫರ್ಡ್. ಆ ಮುಂದಿನ ವಾರ ಇನ್ನೂ ಬಂದಿಲ್ಲ.)

“ಜಾರ್ಜಿಯಾದಿಂದ ಹೊಸ ಸ್ಟ್ರೈಕರ್ ಬಂದಿದ್ದಾನೆ,” ಎಂದರು ಬ್ಯಾರಕ್ಲಫ್. “ಮೂರು ವಾರಕ್ಕೆ ಸ್ಕೆಲ್ಬಿ ಮೇಲೆ ಕಪ್ ಪಂದ್ಯ. ಅದೇ ಅವನ ಮೊದಲ ಆಟ. ಅವನಮ್ಮ ವಿಮಾನ ಹತ್ತಿ ಬರ್ತಿದ್ದಾರೆ, ಮಗನ ಹೆಸರು ಮೈಕಲ್ಲಿ ಕೇಳೋಕೆ. ಅವತ್ತು ಎಡವಿದ್ಯೋ, ಮೈಕು ಕೀತ್ ಕೈಗೆ. ಆಯ್ತಾ ಕ್ಲೈವ್?”

ಕೀತ್ ಅಂದರೆ ಮೈದಾನದ ಹುಲ್ಲು ಕತ್ತರಿಸುವವನು. ಅವನ ಮಾತೆಲ್ಲ ಮೂಗಿನಿಂದಲೇ ಬರುತ್ತಿತ್ತು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲೇ ಆ ಹೊಸ ಸ್ಟ್ರೈಕರ್ ಸಿಕ್ಕ. ಆರಡಿ ಆಳು, ಹಸುವಿನ ಕಣ್ಣು, ಅತಿ ವಿನಯ.

“ನಿನ್ನ ಹೆಸರು ಹೇಗೆ ಹೇಳೋದಪ್ಪಾ?” ಎಂದು ಕೇಳಿದ ಕ್ಲಿಫರ್ಡ್.

ಅವನು ಹೇಳಿದ. ಇರಾಕ್ಲಿ ಎಂಬಷ್ಟು ಸಲೀಸಾಗಿ ಕಿವಿಗೆ ಇಳಿಯಿತು. ಅದರ ಹಿಂದೆ ಬಂದ ಮನೆತನದ ಹೆಸರಿನಲ್ಲಿ ವ್ಯಂಜನಗಳು ಸಾಲು ಮುರಿದು ಬಸ್ಸಿಗೆ ನುಗ್ಗುವವರ ಹಾಗೆ ಒಂದರ ಮೇಲೊಂದು ಬಿದ್ದುಕೊಂಡು ಬಂದವು. ಸ್ವರಗಳಿಗೆ ಸೀಟೇ ಸಿಕ್ಕಿರಲಿಲ್ಲ. ಮ್ಚೆದ್ಲಿಶ್ವಿಲಿ! (ಕನ್ನಡದವರಾದರೆ ಕೆಳಗೊಂದು ಒತ್ತು ಕೊಟ್ಟು ಕೈ ತೊಳೆದುಕೊಳ್ಳಬಹುದು. ಇಂಗ್ಲಿಷರ ಹತ್ತಿರ ಒತ್ತಿಲ್ಲ, ಇರುವುದೆಲ್ಲ ಒತ್ತಡ.) ಕ್ಲಿಫರ್ಡ್‌ಗೆ ಒಂದಕ್ಷರವೂ ದಕ್ಕಲಿಲ್ಲ. ಆದರೂ ಅಭ್ಯಾಸಬಲದಿಂದ ಕೈ ಕುಲುಕಿ, “ಸೊಗಸಾಗಿದೆ!” ಎಂದುಬಿಟ್ಟ.

ಅಲ್ಲಿಗೆ ಮುಗಿಯಿತು. ಇಂಗ್ಲಿಷರ ಆ ದ್ವೀಪದಲ್ಲಿ ಒಮ್ಮೆ ‘ಸೊಗಸಾಗಿದೆ’ ಎಂದ ಮೇಲೆ ಮತ್ತೆ ಹೆಸರು ಕೇಳುವಂತಿಲ್ಲ. ಊರು ಬಿಡಬಹುದು, ವೇಷ ಮರೆಸಿಕೊಳ್ಳಬಹುದು, ಎರಡನೇ ಸಲ ಕೇಳುವುದು ಮಾತ್ರ ಸಾಧ್ಯವಿಲ್ಲ.

“ಹೋಗಿ ಇನ್ನೊಂದ್ಸಲ ಕೇಳು ಮಾರಾಯ,” ಎಂದಳು ನೊರೀನ್. ಮೈದಾನದ ಚಹಾದಂಗಡಿ ಅವಳದು; ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು.

“ಕೇಳಿದ್ರೆ ಮೊದಲ್ನೇ ಸಲ ಕೇಳಿಸಿಲ್ಲ ಅಂತ ಅವನಿಗೆ ಗೊತ್ತಾಗಲ್ವಾ?”

“ಕೇಳಿಸಿಲ್ಲ ತಾನೇ?”

“ಕೇಳಿಸಿಲ್ಲ. ಆದ್ರೆ ಅದು ಗೊತ್ತಾಗಬಾರ್ದು!”

“ಬೇರೆ ಯಾರನ್ನಾದ್ರೂ ಕೇಳು ಹಾಗಾದ್ರೆ.”

“ಹೆಸರಿನ ವಿಷಯದಲ್ಲಿ ಈ ಊರಲ್ಲಿ ನನಗಿಂತ ತಿಳಿದೋರು ಯಾರಿದ್ದಾರೆ ಚಿನ್ನ?”

ನೊರೀನ್ ಏನೋ ಹೇಳಲು ಬಾಯಿ ತೆರೆದವಳು ಗಂಡನ ಮುಖ ನೋಡಿ ಮುಚ್ಚಿಕೊಂಡು, ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು.

ಅಂದಿನಿಂದ ಕ್ಲಿಫರ್ಡ್‌ನ ತಪಸ್ಸು ಶುರುವಾಯಿತು. ಟಿ.ವಿ.ಯ ಮೂವರು ವೀಕ್ಷಕ ವಿವರಣೆಕಾರರು ಇಂಥದೇ ಒಂದು ಹೆಸರನ್ನು ಮೂರು ಬಗೆಯಾಗಿ ಹೇಳಿದರು. ಕಂಪ್ಯೂಟರಿನೊಳಗಿನ ಹೆಂಗಸು ನಾಲ್ಕನೆಯದನ್ನು ಹೇಳಿದಳು. ಅದೂ ಸತ್ತ ದನಿಯಲ್ಲಿ, ಬ್ಯಾರಕ್ಲಫ್‌ರ ಗಿರಾಕಿಯಂತೆ. ಪಬ್ಬಿನಲ್ಲಿ ನಿವೃತ್ತ ಮೇಷ್ಟ್ರು ಪಿಕರ್ಸ್‌ಗಿಲ್ ಬಿಯರಿನ ಲೋಟವನ್ನು ಮೇಜಿಗೆ ಕುಟ್ಟಿ ತೀರ್ಪು ಕೊಟ್ಟರು:

“ಪ್ಯಾರಿಸನ್ನ ನಾವು ಅಲ್ಲಿಯೋರ ಹಾಗೆ ಪಾರೀ ಅಂತೀವಾ? ಇಲ್ಲ. ಇಂಗ್ಲೆಂಡಿಗೆ ಬಂದ ಹೆಸರು ಇಂಗ್ಲಿಷ್ ಅಂಗಿ ತೊಡಬೇಕು. ಅವನನ್ನ ‘ಮಿಚೆಲ್’ ಅನ್ನು, ಮುಗೀತು.”

“ಅವನಮ್ಮ ಎದುರಿಗೆ ಕೂತಿರ್ತಾರೆ ಮೇಷ್ಟ್ರೇ!”

“ಹಾಗಿದ್ರೆ ಕೆಮ್ಮು. ಕೆಮ್ಮಿನಲ್ಲಿ ಹೆಸರು ಸೇರಿಸಿಬಿಡು.”

ಕೆಮ್ಮು ನಿಜಕ್ಕೂ ಕೈಕೊಟ್ಟಿತು. ಒಂದು ಬೆಳಿಗ್ಗೆ ಸ್ನಾನದ ತೊಟ್ಟಿಯಲ್ಲಿ ಕೂತು “ಮ್‌ಕ್‌ಚ್... ಮ್‌ಖ್‌ದ್...” ಎಂದು ಸಾಧನೆ ನಡೆಸಿದ್ದಾಗ ಪಕ್ಕದ ಮನೆಯ ಹರ್ಬರ್ಟ್ ಅದನ್ನು ಕೇಳಿ, ಯಾರಿಗೋ ಮೀನಿನ ಮುಳ್ಳು ಸಿಕ್ಕಿಕೊಂಡಿದೆ ಎಂದು ಬೇಲಿ ಹಾರಿ, ಬಾಗಿಲು ತಳ್ಳಿ ನುಗ್ಗಿ, ನೊರೆ ಮೆತ್ತಿದ ಬೆನ್ನಿಗೆ ನಾಲ್ಕು ಗುದ್ದಿದ. ಬತ್ತಲೆ ಕ್ಲಿಫರ್ಡ್ ಹೇಳಿದ್ದೇನು ಗೊತ್ತೇ? “ಉಪಕಾರ ಆಯ್ತು ಹರ್ಬರ್ಟ್. ಈಗ ಎಷ್ಟೋ ಹಗುರ.”

ಕಪ್ ಪಂದ್ಯದ ಶನಿವಾರ ಬಂತು. ಗೂಡಿನ ಕಿಂಡಿಯಿಂದ ಕ್ಲಿಫರ್ಡ್ ನೋಡಿದ. ಮುಂದಿನ ಸಾಲಿನಲ್ಲಿ ಕಪ್ಪು ಕೋಟಿನ ದಪ್ಪ ಹೆಂಗಸು, ಮಡಿಲಲ್ಲಿ ಕೈಚೀಲ, ಕಣ್ಣು ನೆಟ್ಟಗೆ ಧ್ವನಿವರ್ಧಕದ ಮೇಲೆ: ಇರಾಕ್ಲಿಯ ತಾಯಿ ನಾನುಲಿ. ಅವಳ ಹಿಂದೆಯೇ ಕೀತ್ ಮೂಗು ಸೀಟಿ ಸ್ವಚ್ಛಗೊಳಿಸಿಕೊಳ್ಳುತ್ತಿದ್ದ. ಆಟಕ್ಕೆ ಹತ್ತು ನಿಮಿಷ. ಕ್ಲಿಫರ್ಡ್ ಹೆಸರಿನ ಚೀಟಿಯನ್ನು ತಲೆಕೆಳಗಾಗಿಯೂ ಹಿಡಿದು ನೋಡಿದ.

ಆಗ ಏಣಿ ಹತ್ತಿ ನೊರೀನ್ ಬಂದಳು. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಹಬೆಯಾಡುವ ಮಾಂಸದ ಪೈ.

“ಮ್ಚೆದ್ಲಿಶ್ವಿಲಿ,” ಎಂದಳು, ಬ್ರೆಡ್ಡು ಬೆಣ್ಣೆ ಎಂದಷ್ಟು ಸಲೀಸಾಗಿ.

ಕ್ಲಿಫರ್ಡ್ ಕುರ್ಚಿಯ ಹಿಡಿ ಹಿಡಿದುಕೊಂಡ. “ನಿನಗೆ... ಯಾವಾಗಿಂದ?”

“ಮೂರು ವಾರ ಆಯ್ತು. ಚಹಾ ಕುಡಿಯೋಕೆ ಬಂದಿದ್ದ. ಏನಪ್ಪಾ ನಿನ್ನ ಹೆಸರು ಅಂದೆ, ಹೇಳ್ದ. ಮತ್ತೆ ಹೇಳು ಅಂದೆ, ಮತ್ತೆ ಹೇಳ್ದ. ಏಳು ಸಲ ಹೇಳಿಸ್ದೆ, ಪಾಪ, ಖುಷಿಯಾಗಿ ಎರಡು ಪೈ ತಿಂದ.”

“ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ. ನಿನಗಿಂತ ತಿಳಿದೋರು ಈ ಊರಲ್ಲಿ ಯಾರೂ ಇಲ್ವಲ್ಲ. ಈಗ ಬಾಯಿ ತೆಗಿ. ಪೈ ಕಚ್ಚು. ರುಚಿ ಹೇಗಿದೆ?”

“ಮ್ಮ್...”

“ಅದೇ! ತುಟಿ ಹಾಗೇ ಇರ್ಲಿ. ಅಲ್ಲಿಂದ ಜಾರು: ಚೆದ್ಲಿಶ್ವಿಲಿ.”

“ಮ್ಮ್... ಚೆದ್ಲಿಶ್ವಿಲಿ. ಮ್ಚೆದ್ಲಿಶ್ವಿಲಿ! ನೊರೀನ್, ಮ್ಚೆದ್ಲಿಶ್ವಿಲಿ!”

“ಪೈ ಚೂರು ಮೈಕಿನ ಮೇಲೆ ಬಿತ್ತು, ಒರೆಸ್ಕೋ,” ಎಂದು ಅವಳು ಏಣಿ ಇಳಿದಳು.

ಎರಡು ಗಂಟೆ ಐವತ್ತೆಂಟು ನಿಮಿಷಕ್ಕೆ ಆ ಮಹಾಘೋಷ ಮೊಳಗಿತು. “ಒಂಬತ್ತನೇ ಅಂಗಿ, ಇರಾಕ್ಲಿ... ಮ್ಚೆದ್ಲಿಶ್ವಿಲಿ!” ಮೈದಾನದಲ್ಲಿ ಒಂದು ಕ್ಷಣ ಉಸಿರಿಲ್ಲ. ನಾಯಿ ಕೂಡ ಬಾಲ ನಿಲ್ಲಿಸಿತು. ನಾನುಲಿ ಎದ್ದು ನಿಂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟಳು. ನಾನೂರು ಜನ ಚಪ್ಪಾಳೆ ತಟ್ಟಿದರು. ಕೀತ್ ಎದ್ದು ಹುಲ್ಲಿನ ಕಡೆ ಹೋದ. ಎಪ್ಪತ್ತನೇ ನಿಮಿಷದಲ್ಲಿ ಇರಾಕ್ಲಿ ತಲೆಯಿಂದ ಗೋಲು ಹೊಡೆದಾಗ ಕ್ಲಿಫರ್ಡ್ ಆ ಹೆಸರನ್ನು ಒಂಬತ್ತು ಸಲ ಸಾರಿದ. ರೆಫರಿ ಮೇಲೆ ನೋಡಿ ಸಾಕು ಎಂದು ಕೈಸನ್ನೆ ಮಾಡಬೇಕಾಯಿತು.

ಪಂದ್ಯ ಗೆದ್ದ ಮೇಲೆ ಕ್ಲಬ್ಬಿನ ಹಾಲಿನಲ್ಲಿ ಬ್ಯಾರಕ್ಲಫ್ ಎಲ್ಲರೆದುರು ಅವನ ಹೆಗಲ ಮೇಲೆ ಕೈ ಹಾಕಿದರು. “ಇವನಿರೋವರೆಗೂ ಮೈಕು ಇವನದೇ!” ಕ್ಲಿಫರ್ಡ್‌ನ ಕಣ್ಣು ಮಂಜಾಯಿತು. ಆಗ ನಾನುಲಿ ಮುಂದೆ ಬಂದಳು. ಕೈಚೀಲದಿಂದ ದಾರಕ್ಕೆ ಪೋಣಿಸಿ ದ್ರಾಕ್ಷಿ ಪಾಕದಲ್ಲಿ ಅದ್ದಿದ ಅಕ್ರೋಟಿನ ಸಿಹಿಯನ್ನು ತೆಗೆದು ಅವನ ಕೈಗಿಟ್ಟಳು. ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಮಗ ತಿರುಗಿಸಿ ಹೇಳಿದ:

“ನನ್ನ ಹೆಸರನ್ನ ನೀವು ಕಲೀತಿದ್ದೀರಿ ಅಂತ ಚಹಾದಂಗಡೀಲಿ ಕೇಳಿ ಅಮ್ಮನಿಗೆ ಫೋನಲ್ಲಿ ಹೇಳಿದ್ದೆ ಸಾರ್. ಹಾಗಾದ್ರೆ ಅವರ ಹೆಸರು ನಾನೂ ಕಲೀಬೇಕು ಅಂದ್ರು. ನಾನು ಅಧ್ಯಕ್ಷರನ್ನ ಕೇಳಿ ಬರೆಸ್ಕೊಂಡು ಕಳಿಸ್ದೆ, ಅಮ್ಮ ಮೂರು ವಾರ ಅಡುಗೆಮನೇಲಿ ಅಭ್ಯಾಸ ಮಾಡಿದ್ರು. ತುಂಬ ಕಷ್ಟದ ಹೆಸರಂತೆ. ಪಕ್ಕದ ಮನೆಯೋರು ಗಂಟಲಿಗೆ ಏನೋ ಸಿಕ್ತು ಅಂತ ಓಡಿಬಂದು ಬೆನ್ನಿಗೆ ಗುದ್ದಿದ್ರಂತೆ.”

ನಾನುಲಿ ಕೋಟು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಜೋಪಾನವಾಗಿ ಇಟ್ಟು, ಯಾರ್ಕ್‌ಷೈರಿನ ಏಳು ತಲೆಮಾರಿನವರೂ ತಲೆದೂಗುವಂತೆ ಹೇಳಿದಳು:

“ಕ್ಲೈವ್ ಹೆಬಲ್‌ತ್ವೇಟ್.”

ಹಾಲಿಗೆ ಹಾಲೇ ಚಪ್ಪಾಳೆಯಲ್ಲಿ ಮುಳುಗಿತು. ನೊರೀನ್ ಮೊಣಕೈಯಿಂದ ಗಂಡನ ಪಕ್ಕೆಗೆ ತಿವಿದಳು. ಕ್ಲಿಫರ್ಡ್ ಅಧ್ಯಕ್ಷರನ್ನು ನೋಡಿದ. ಅವರು ಹೆಮ್ಮೆಯಿಂದ ಬೀಗುತ್ತಿದ್ದರು. ಇರಾಕ್ಲಿಯನ್ನು ನೋಡಿದ. ಮೂರು ವಾರದ ತಪಸ್ಸು ಫಲಿಸಿತೇ ಎಂದು ಉಸಿರು ಬಿಗಿಹಿಡಿದು ನಿಂತ ಆ ತಾಯಿಯನ್ನು ನೋಡಿದ. ಬಾಯಿ ತೆರೆದ.

“ಸರಿಯಾಗಿ ಹೇಳಿದ್ರಾ ಸಾರ್?” ಎಂದ ಇರಾಕ್ಲಿ.

“ಸೊಗಸಾಗಿದೆ!” ಎಂದ ಕ್ಲಿಫರ್ಡ್.

ಮರುಗಳಿಗೆಯೇ ಹಾಲಿನ ಆ ತುದಿಯಿಂದ ಯಾರೋ ‘ಕ್ಲೈವ್! ಕ್ಲೈವ್!’ ಎಂದು ರಾಗ ತೆಗೆದರು, ಉಳಿದವರು ಮೇಜು ಬಡಿದು ತಾಳ ಹಾಕಿದರು. ಗೂಡಿನ ಬಾಗಿಲ ಮೇಲೆ ಆ ಹೆಸರನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸುವುದಾಗಿ ಬ್ಯಾರಕ್ಲಫ್ ಘೋಷಿಸಿದರು. ಶವಪೆಟ್ಟಿಗೆಗೆ ಹಾಕುವಂಥದೇ ಫಲಕ, ಅಕ್ಷರ ನೂರು ವರ್ಷವಾದರೂ ಮಾಸುವುದಿಲ್ಲ.

ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ನೊರೀನ್ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. “ಅಲ್ಲ ಮಾರಾಯ, ಒಂದು ಮಾತು ಹೇಳಿಬಿಡಬಹುದಿತ್ತಲ್ಲ!”

“ಮುಂದಿನ ವಾರ ಹೇಳ್ತೀನಿ,” ಎಂದ ಕ್ಲೈವ್.