ಮಿದುಳಿಗೊಂದು ತಂತಿ

ಅರ್ಥವಾಗದ ಮಾತಿಗೆ ಗಂಭೀರವಾಗಿ ತಲೆಯಾಡಿಸುವುದು ಒಂದು ಕಲೆ. ಅದರಲ್ಲಿ ನನ್ನನ್ನು ಮೀರಿಸಿದವರು ಅಜ್ಜಂಪುರದಲ್ಲಿ ಇರಲಿಲ್ಲ. ಅಂಚೆ ಕಚೇರಿಯಲ್ಲಿ ಕೂತು ‘ಕಟ್ಟ ಕಡ’ ಎಂದು ತಂತಿ ಕುಟ್ಟುವುದು ನನ್ನ ಕಸುಬು. ಕುಟ್ಟಿದ ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ಹಾಗೆಂದು ಯಾರ ಸುದ್ದಿಯೂ ನಿಂತದ್ದಿಲ್ಲ. ಆದರೆ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಮಗಳು ಗಿರಿಜಾ ಬೆಂಗಳೂರಿನ ಪ್ರಯೋಗಾಲಯದಿಂದ ರಜೆಗೆ ಬಂದವಳು, “ಅಪ್ಪಾಜಿ, ನಂದೂ ಈಗ ತಂತಿ ಕೆಲ್ಸಾನೇ. ಇಲಿ ಮಿದುಳಿಗೆ ತಂತಿ ಇಡ್ತೀನಿ” ಎಂದಾಗ ತಲೆಯಾಡಿಸುವುದನ್ನೂ ಮರೆತೆ.

“ಇಲಿಗೆ ತಂತಿ ಕೊಟ್ರೆ ಓದೋರ್ಯಾರೇ?” ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

ಗಿರಿಜಾ ನಕ್ಕು ವಿವರಿಸಿದಳು. ಅದು ಕೂದಲಿಗಿಂತ ತೆಳ್ಳಗಿನ ಇಂಗಾಲದ ಎಳೆಯಂತೆ. ಗಾಜಿನ ಕೊಳವೆಯ ತುದಿಯಲ್ಲಿ ಕೂರಿಸಿ, ಜೀವಂತ ಇಲಿಯ ಮಿದುಳಿನಲ್ಲಿಟ್ಟು, ಒಂದಿಷ್ಟು ವಿದ್ಯುತ್ತು ತಾಗಿಸಿದರೆ ಅಲ್ಲಿಯ ರಸಗಳು ತಮ್ಮ ಗುಟ್ಟು ಬಿಟ್ಟುಕೊಡುತ್ತವಂತೆ. ಯಾವ ರಸ ಯಾವಾಗ ಉಕ್ಕಿತು ಎಂದು ಪೆನ್ನೊಂದು ಕಾಗದದ ಮೇಲೆ ಗೆರೆ ಎಳೆಯುತ್ತದಂತೆ. ಅಬ್ಬಾ! ತರೀಕೆರೆಗೆ ಒಂದು ಸುದ್ದಿ ಮುಟ್ಟಿಸಲು ನಮಗೆ ಊರುದ್ದ ಕಂಬ ಬೇಕು. ಇವಳು ಕಣ್ಣಿಗೆ ಕಾಣದ ಎಳೆಯಲ್ಲಿ ಮಿದುಳನ್ನೇ ಮಾತಾಡಿಸುತ್ತಿದ್ದಳು. ನಿಜ ಹೇಳುತ್ತೇನೆ, ಅಂದು ಸಂಜೆ ಬೀದಿಯವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ.

ಆದರೆ ಹುಡುಗಿ ಸರಿಯಾಗಿ ಉಣ್ಣುತ್ತಿರಲಿಲ್ಲ. ಒಂದು ತಿಂಗಳಿಂದ ಆ ಪೆನ್ನು ಚಳಿಜ್ವರ ಬಂದಂತೆ ನಡುಗುತ್ತಿತ್ತಂತೆ. ತಿಂಗಳ ಕೊನೆಯೊಳಗೆ ಒಂದಾದರೂ ಶುದ್ಧ ಗೆರೆ ತೋರಿಸದಿದ್ದರೆ ಈ ವಿಷಯ ಬಿಟ್ಟು ಬೇರೆ ಹಿಡಿ ಎಂದು ಅವಳ ಸಂಶೋಧನೆಯ ಗೈಡು ಹೇಳಿಬಿಟ್ಟಿದ್ದರು. ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮ! ನಾನು ತಲೆಯಾಡಿಸಿದೆ. ಅವಳು ಸಪ್ಪೆ ಮುಖದಲ್ಲೇ ರೈಲು ಹತ್ತಿದಳು.

ಮರುವಾರ ನಮ್ಮ ಕಚೇರಿಯ ಯಂತ್ರವೇ ತೊದಲತೊಡಗಿತು. ಕಡೂರಿನಿಂದ ಲೈನ್‌ಮನ್ ರುದ್ರಪ್ಪ ಬಂದ. ಯಂತ್ರವನ್ನು ಮುಟ್ಟಲೇ ಇಲ್ಲ. ಹಿತ್ತಲಿಗೆ ಹೋಗಿ, ಯಂತ್ರದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ತ್ ಗುಂಡಿಗೆ ಎರಡು ಬಕೆಟ್ ಉಪ್ಪುನೀರು ಸುರಿದ. “ಮಣ್ಣು ಒಣಗೋಗದೆ ಕಣ್ರೀ. ಅರ್ತ್ ಹಿಡೀದಿದ್ರೆ ತಂತಿ ಏನ್ ಮಾತಾಡ್ತದೆ? ಬೇಸ್ಗೇಲಿ ಅದ್ಕೂ ಬಾಯಾರ್ತದೆ” ಎಂದ. ಯಂತ್ರ ಸರಿಹೋಯಿತು. ನನ್ನ ತಲೆಯಲ್ಲಿ ಫಳ್ಳೆಂದಿತು. ಬೇಸಿಗೆ, ನಡುಗುವ ಪೆನ್ನು, ಮಗಳು! ಅವಳ ಪ್ರಯೋಗಾಲಯದ ಅರ್ತ್ ಗುಂಡಿಯೂ ಒಣಗಿರಬೇಕು! ಕಾಗದ ಬರೆದರೆ ತಡ. ಇಂಗ್ಲಿಷು ಕೈಕೊಟ್ಟೀತೆಂದು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಪದ ಉಳಿಸುವ ಹಳೆಯ ಚಟದಿಂದ ಚುಟುಕಾಗಿ ಕುಟ್ಟಿಬಿಟ್ಟೆ: ‘ಮಣ್ಣಿಗೆ ಉಪ್ಪು ಹಾಕಬೇಕು ತಕ್ಷಣ ಅಪ್ಪ.’

ನಮ್ಮವರಲ್ಲಿ ಸತ್ತವರನ್ನು ಹೂಳುತ್ತೇವೆ. ‘ಮಣ್ಣಿಗೆ ಹೋಗುವುದು’ ಎಂದರೆ ಆ ಕೊನೆಯ ಕಾರ್ಯಕ್ಕೆ ಹೋಗುವುದು; ಗುಂಡಿಗೆ ಉಪ್ಪು ಹಾಕುವುದೂ ಉಂಟು. ಮರುದಿನ ಗಿರಿಜಾ ಅತ್ತತ್ತು ಕೆಂಡದಂತಾದ ಕಣ್ಣು ಹೊತ್ತು ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ನಾನು ಕಡಲೆಪುರಿ ಮುಕ್ಕುತ್ತಿದ್ದೆ.

“ಅಪ್ಪಾಜೀ, ಬದ್ಕಿದ್ದೀರಾ!” ಎಂದು ಓಡಿಬಂದು ನನ್ನ ಕೈ ಹಿಡಿದಳು.

ತಂತಿಯ ಕೊನೆಯ ‘ಅಪ್ಪ’ ನನ್ನ ಸಹಿ, ಸತ್ತವರ ಹೆಸರಲ್ಲ ಎಂದು ಅರ್ತ್ ಗುಂಡಿಯ ವಿಷಯ ತೊದಲುತ್ತ ಹೇಳಿದೆ. ಅಳುತ್ತಲೇ ನಕ್ಕಳು, ನಗುತ್ತಲೇ ಬೈದಳು, ಸಿಕ್ಕಿದ ರೈಲಿಗೇ ವಾಪಸಾದಳು. ವಾರದ ಮೇಲೆ ಅವಳ ಕಾಗದ ಬಂತು: “ಉಪ್ಪುನೀರು ಹಾಕಿಸಿದೆ, ಪೆನ್ನು ನಡುಗುವುದು ನಿಂತಿತು. ಗೆರೆ ನೋಡಿ ಗೈಡು ಒಪ್ಪಿದರು. ಆದರೆ ಅಪ್ಪಾಜಿ, ನಿಮ್ಮ ತಂತಿ ಓದಿದಾಗ ನನ್ನ ಮಿದುಳಲ್ಲಿ ಉಕ್ಕಿದ್ದನ್ನು ಅಳೆದಿದ್ದರೆ ಪೆನ್ನು ಕಾಗದ ಬಿಟ್ಟು ಗೋಡೆ ಹತ್ತುತ್ತಿತ್ತು. ಇನ್ನು ಮೇಲೆ ದಯವಿಟ್ಟು ಕಾರ್ಡು ಬರೆಯಿರಿ.”

ಊರಿಗೆಲ್ಲ ತಂತಿ ಹೊಡೆದ ನಾನು ಅಂದಿನಿಂದ ಮಗಳಿಗೆ ಕಾರ್ಡೇ ಬರೆಯುತ್ತೇನೆ. ಮೊದಲ ಸಾಲಿನಲ್ಲಿ ‘ನಾನು ಬದುಕಿದ್ದೇನೆ’ ಎಂದು ತಿಳಿಸಿ, ಆಮೇಲೆ ಉಳಿದ ಸಮಾಚಾರ.