ಮಂಡಿ ನನ್ನದು, ಮಾತು ಊರಿನದು

ಜ್ವರ ಬಂದವನಿಗೆ ಔಷಧ ಹೇಳುವುದಕ್ಕೆ ಒಬ್ಬ ಡಾಕ್ಟರು ಸಾಕು. ಬ್ಯಾಸ್ಕೆಟ್‌ಬಾಲ್ ಆಡಿ ಮಂಡಿ ಊದಿಸಿಕೊಂಡವನಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿ ಹೇಳುತ್ತವೆ. ಅರವತ್ತರ ದಶಕದ ಮೊದಲಲ್ಲಿ ನನಗೆ ಇಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು.

ನಾನು ಮಧುಗಿರಿಯಲ್ಲಿ ಗುಮಾಸ್ತ. ಆರಡಿ ಎರಡಂಗುಲ ಬೆಳೆದಿದ್ದೆನೆಂಬ ಒಂದೇ ಅಪರಾಧಕ್ಕೆ ಊರಿನ ಟೀಮಿನಲ್ಲಿ ಹದಿನೈದು ವರ್ಷ ಸೆಂಟರ್ ಆಗಿದ್ದೆ. ಸೆಂಟರ್ ಅಂದರೆ ಬುಟ್ಟಿಯ ಕೆಳಗೆ ನಿಂತು, ಎಲ್ಲರಿಗಿಂತ ಮೇಲೆ ಎಗರಿ, ಎಲ್ಲರಿಗಿಂತ ಜೋರಾಗಿ ಕೆಳಗೆ ಬೀಳುವವನು. ಮೂವತ್ತೆಂಟು ದಾಟಿದ ಮೇಲೆ ನನಗೆ ಬೀಳುವುದೊಂದೇ ಚೆನ್ನಾಗಿ ಬರುತ್ತಿತ್ತು.

ಶಿರಾದವರ ಮೇಲೆ ವರ್ಷಕ್ಕೊಂದು ಮ್ಯಾಚು. ಮೂರು ವರ್ಷದಿಂದ ಆ ಮ್ಯಾಚು ಮುಗಿಸಿ ನಾನು ಮನೆಗೆ ನಡೆದು ಬಂದದ್ದೇ ಇಲ್ಲ. ಸ್ಟ್ರೆಚರ್ ಇಲ್ಲದ ಕಾರಣ ಹೈಸ್ಕೂಲಿನ ಕಪ್ಪು ಹಲಗೆಯ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತು ತರುತ್ತಿದ್ದರು. ಹಲಗೆ ಒರೆಸುವ ತಾಳ್ಮೆ ಯಾರಿಗೂ ಇರಲಿಲ್ಲ. ನನ್ನ ನೀಲಿ ಬನೀನಿನ ಬೆನ್ನಿಗೆ ಅವತ್ತಿನ ಪಾಠವೆಲ್ಲ ಸೀಮೆಸುಣ್ಣದಲ್ಲಿ ಅಂಟಿರುತ್ತಿತ್ತು. ಹೆಂಡತಿ ಬಾಗಿಲಲ್ಲೇ ನನ್ನನ್ನು ಮಗುಚಿ ನೋಡಿ, "ಹೋದ ವರ್ಷ ಬೀಜಗಣಿತ, ಈ ವರ್ಷ ವ್ಯಾಕರಣ" ಎಂದು ಒಳಗೆ ಹೋಗುವಳು.

ನಾಲ್ಕನೆಯ ವರ್ಷ ಆಟ ಬಿಡುವುದೆಂದು ತೀರ್ಮಾನಿಸಿದೆ. ಆಸೆ ಒಂದೇ ಇತ್ತು. ಕೊನೆಯ ಮ್ಯಾಚು ಮುಗಿಸಿ ನನ್ನ ಕಾಲ ಮೇಲೆ ನಾನೇ ನಡೆದು ಮನೆಗೆ ಬರಬೇಕು. ಹೆಂಡತಿಗೆ ಮಾತು ಕೊಟ್ಟೆ. ಮ್ಯಾಚಿಗೆ ಇನ್ನೂ ಒಂದು ತಿಂಗಳಿರುವಾಗಲೇ ಬಲಮಂಡಿ ಊದಿತು, ಸುದ್ದಿ ಹಬ್ಬಿತು.

ಕಾರ್ಡು

ಮೊದಲು ನನ್ನ ಕೈಗೆ ಬಂದದ್ದು ಬರಗೂರಿನ ಅಭಿಮಾನಿಯೊಬ್ಬರ ಕಾರ್ಡು. ಕಾರ್ಡು ಅಂದ ಮೇಲೆ ಬರೆಸಿಕೊಂಡವನಿಗಿಂತ ಮುಂಚೆ ಅಂಚೆಯವರು ಓದುವುದು ಪದ್ಧತಿ. ಪೋಸ್ಟ್‌ಮನ್ ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿದ.

"ಸಾ, ಬರಗೂರಿನೋರು ಮಂಡಿಗೆ ಬಿಸಿನೀರು ಉಯ್ಕಳಿ ಅಂತ ಬರ್ದವ್ರೆ. ನಾನಂತೂ ಒಪ್ಪಕಿಲ್ಲ."

"ನೀನು ಯಾಕಪ್ಪ ಒಪ್ಪಬೇಕು?"

"ಹುಲಿಕುಂಟೆಯೋರು ನೆನ್ನೆ ತಣ್ಣೀರು ಅಂತ ಬರ್ದಿದ್ರು. ಅದೇ ಸರಿ ಅನ್ನುಸ್ತು ಸಾ."

"ನೆನ್ನೆಯ ಕಾರ್ಡು ಎಲ್ಲಿ? ನನಗೆ ಬಂದೇ ಇಲ್ಲವಲ್ಲ."

"ಅದಾ? ನಮ್ಮ ಪೋಸ್ಟ್‌ಮಾಸ್ಟರಿಗೂ ಮಂಡಿ ನೋವು ಸಾ. ಅವ್ರು ಮೊದ್ಲು ಮಾಡಿ ನೋಡ್ತಾವ್ರೆ. ಗುಣ ಆದ್ರೆ ತಂದ್ಕೊಡ್ತೀನಿ."

ಅಳತೆ

ನಮ್ಮ ಅಭಿಮಾನಿಗಳ ಪೈಕಿ ದೊಡ್ಡವರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಯಜಮಾನರು. ಬ್ಯಾಸ್ಕೆಟ್‌ಬಾಲಿನ ಒಂದು ನಿಯಮವೂ ಅವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಅವರ ಸಲಹೆಗಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವರು ನನ್ನನ್ನು ಬಸ್ಸಿಗೆ ಹತ್ತಿಸಿ ಪಾವಗಡದ ಕಡೆಯ ಮೂಳೆ ಕಟ್ಟುವವನ ಹತ್ತಿರ ಕರೆದುಕೊಂಡು ಹೋದರು.

ಆತ ನಾನು ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ. ಒಂದು ದಾರ ತೆಗೆದು ಎರಡೂ ಮಂಡಿಯ ಸುತ್ತಳತೆ ತೆಗೆದ. ಊದಿದ ಬಲಮಂಡಿ ತಟ್ಟಿ, "ಇದಿ ಬಾಗುಂದಿ, ಗಟ್ಟಿಯಾಗೈತೆ" ಎಂದ. ಏನೂ ಆಗದ ಎಡಮಂಡಿ ಹಿಡಿದು ಬೇಸರದಿಂದ ತಲೆಯಾಡಿಸಿದ. "ಇದಿ ಎಂಡಿಪೋಯಿಂದಿ ಸ್ವಾಮಿ. ಪೂರ್ತಿ ಒಣಗೋಗೈತೆ."

"ನಂಗೂ ಅಂಗೇ ಅನ್ನುಸ್ತಿತ್ತು" ಎಂದರು ಯಜಮಾನರು.

ನಾನು ಬೇಡ ಬೇಡ ಅನ್ನುತ್ತಿದ್ದಂತೆ ಒಳ್ಳೆಯ ಕಾಲನ್ನು ಎಳೆದು, ತಿರುಚಿ, ಉದ್ದಿನಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಕಟ್ಟಿಯಾಯಿತು. ಬಸ್ಸಿನ ಕಡೆ ನಡೆಯುವಾಗ ಯಜಮಾನರು ಹಿಂದಿನಿಂದ ನೋಡಿ ಆನಂದಬಾಷ್ಪ ಸುರಿಸಿದರು. "ಕೈಗುಣ ಅಂದ್ರೆ ಇದು ಕಣ್ರೀ! ಬರ್ತಾ ಒಂದ್ಕಡೆ ವಾಲ್ತಿದ್ರಿ. ಈಗ ಎರಡೂ ಕಡೆ ಸಮನಾಗಿ ವಾಲ್ತಾ ಇದೀರಿ!"

ಶಿರಾದ ಎಣ್ಣೆ

ದಬ್ಬೆಯನ್ನು ಆ ರಾತ್ರಿಯೇ ಬಿಚ್ಚಿ ಒಲೆಗೆ ಹಾಕಿದೆ. ಮರುದಿನ ಸಂತೆಗೆ ಶಿರಾದಿಂದ ಬರುತ್ತಿದ್ದ ಎಣ್ಣೆ ಸಾಹೇಬರು ನನ್ನನ್ನು ನೋಡಿ ಅಂಗಡಿಯಿಂದ ಎದ್ದು ಬಂದರು. ಸಣ್ಣ ಸೀಸೆಯೊಂದನ್ನು ಬಿಸಿಲಿಗೆ ಹಿಡಿದು ತೋರಿಸಿದರು.

"ಖುದಾ ಕಸಮ್ ಸಾಬ್, ಮೂರು ದಿನ ಉಜ್ಜಿ. ಕುದುರೆ ಎಗರ್ದಂಗೆ ಎಗರ್ತೀರಿ."

ನಾನು ಕೈ ಚಾಚಿದೆ. ಸಾಹೇಬರು ಸೀಸೆಯನ್ನು ಜೇಬಿಗೆ ಇಳಿಸಿದರು.

"ಮ್ಯಾಚ್ ಆದ್ಮೇಲೆ ಕೊಡ್ತೀನಿ ಸಾಬ್. ನಮ್ದು ಶಿರಾ ಅಲ್ವಾ? ನೀವು ಎಗರಿದ್ರೆ ನಮ್ಮೋರು ಸೋಲ್ತಾರೆ."

"ಮತ್ತೆ ಈಗ ಯಾಕೆ ತೋರಿಸಿದಿರಿ?"

"ಅರೆ, ನೀವು ನಾಮಿ ಆಟಗಾರರು! ಔಷಧ ಐತೆ ಅಂತ ಗೊತ್ತಿದ್ರೆ ಧೈರ್ಯ ಇರುತ್ತೆ, ಅದಕ್ಕೇ."

ಕುರ್ಚಿ

ಯಾರ ಮಾತೂ ಕೇಳದೆ ಸುಮ್ಮನೆ ಮಲಗಿದ್ದರಿಂದ ಮಂಡಿ ಇಳಿಯಿತು. ಮ್ಯಾಚಿನ ದಿನ ಹೈಸ್ಕೂಲು ಮೈದಾನದ ಸುತ್ತ ಜನವೋ ಜನ. ಹೋಟೆಲಿಗೆ ಬೀಗ ಹಾಕಿ ಬಂದಿದ್ದ ಯಜಮಾನರು ಕಿವಿಯಲ್ಲಿ ಹೇಳಿದರು, "ಓಡಬ್ಯಾಡಿ, ಎಗರಬ್ಯಾಡಿ. ಬುಟ್ಟಿ ಕೆಳಗೆ ನಿಂತ್ಬುಡಿ, ಸಾಕು."

ನಿಂತೆ. ರೆಫರಿ ಪೀಪಿ ಊದಿದರು. ಕೊರಟಗೆರೆಯ ನಿವೃತ್ತ ಡ್ರಿಲ್ ಮಾಸ್ತರು ಅವರು, ಬಲು ಕಟ್ಟುನಿಟ್ಟು. ಎದುರಾಳಿಯ ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಇರಬಾರದೆಂದರು. ಯಜಮಾನರು ಅಂಗಳಕ್ಕೇ ನುಗ್ಗಿದರು.

"ಮಂಡಿ ನೋವಿರೋ ಮನುಷ್ಯ ಮೂರು ಸೆಕೆಂಡಲ್ಲಿ ಎಲ್ಲಿಗೋಗ್ತಾನೆ ಸ್ವಾಮಿ? ನಿಮಗೂ ವಯಸ್ಸಾಗಿಲ್ವಾ?"

ಹಾಗೆಂದವರೇ ಹೆಡ್‌ಮಾಸ್ಟರ ಕೋಣೆಯ ತೋಳುಕುರ್ಚಿಯನ್ನು ತಂದು ಬುಟ್ಟಿಯ ಕೆಳಗೆ ಹಾಕಿ, ಧೂಳು ಒರೆಸಿ, ಕೂರುವಂತೆ ನನಗೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ರೆಫರಿ ಆಟ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ನಿಯಮದ ಪುಸ್ತಕವನ್ನು ಕೊನೆಯ ಪುಟದವರೆಗೆ ಮಗುಚಿದರು.

"ಕುರ್ಚಿ ಕೂಡದು ಅಂತ ಇದರಲ್ಲಿ ಎಲ್ಲೂ ಇಲ್ಲ" ಎಂದು ನಿಟ್ಟುಸಿರು ಬಿಟ್ಟರು. "ಬರೆದವರಿಗೆ ಮಧುಗಿರಿ ಗೊತ್ತಿರಲಿಲ್ಲ. ತೆಗೀರಿ ಆಚೆಗೆ!"

ನಡಿಗೆ

ಕೊನೆಯ ನಿಮಿಷಕ್ಕೆ ಶಿರಾದವರು ಒಂದು ಪಾಯಿಂಟು ಮುಂದಿದ್ದರು. ಚೆಂಡು ನನ್ನ ಕೈಗೆ ಬಂತು. ಅರ್ಧ ಊರು "ಎಗರಿ ಸಾ!" ಎಂದಿತು, ಇನ್ನರ್ಧ "ಎಗರಬ್ಯಾಡಿ ಸಾ!" ಎಂದಿತು. ನಾನು ಎಗರಿದೆ.

ಚೆಂಡು ಬುಟ್ಟಿಗೆ ಬಿತ್ತು. ನಾನು ಬೀಳಲಿಲ್ಲ. ತುಂಬಿದ ಕೊಡ ಇಳಿಸಿದ ಹಾಗೆ ಎರಡೂ ಪಾದ ನೆಲಕ್ಕೆ ಬಂದವು, ಮಂಡಿ ಚಕಾರ ಎತ್ತಲಿಲ್ಲ. ಪೀಪಿ ಕೂಗಿತು, ಗೆದ್ದೆವು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಅತ್ತುಬಿಟ್ಟೆ. ಗೆದ್ದದ್ದಕ್ಕಲ್ಲ. ಗೇಟಿನಾಚೆ ಇನ್ನೂರು ಹೆಜ್ಜೆಗೆ ನನ್ನ ಮನೆ, ಬಾಗಿಲಲ್ಲಿ ಹೆಂಡತಿ ನಿಂತಿರುತ್ತಾಳೆ, ನಾನು ನಡೆದು ಹೋಗುತ್ತೇನೆ! ಒಂದು ಹೆಜ್ಜೆ ಇಟ್ಟೆ.

"ಸಾರು ಬಿದ್ದಿಲ್ಲ ಕಣ್ರಲಾ! ಎತ್ರಲಾ!"

ಎರಡನೆಯ ಹೆಜ್ಜೆಗೆ ನೆಲ ಸಿಗಲಿಲ್ಲ. ಯಜಮಾನರೂ ಪೋಸ್ಟ್‌ಮನ್ನನೂ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು.

"ಇಳಿಸ್ರಪ್ಪಾ, ನಾನು ನಡೆದು ಹೋಗಬೇಕು!"

"ನಾವಿದ್ದು ನೀವು ನಡೆಯೋದಾ? ಊರಿಗೇ ಅವಮಾನ!"

ಕುಣಿಯುತ್ತ ಗೇಟಿನತ್ತ ಓಡಿದರು. ಗೇಟಿನ ಮೇಲೆ ಕಬ್ಬಿಣದ ಕಮಾನು. ಓಡಬೇಡಿ, ಎಗರಬೇಡಿ, ಬಿಸಿನೀರು, ತಣ್ಣೀರು ಎಂದು ತಿಂಗಳಿಡೀ ಹೇಳಿದ ಊರಿನಲ್ಲಿ "ತಲೆ ಬಗ್ಗಿಸಿ" ಎನ್ನುವವನು ಅವತ್ತು ಒಬ್ಬನೂ ಇರಲಿಲ್ಲ.

ಕಣ್ಣು ಬಿಟ್ಟಾಗ ಹಲಗೆಯ ಮೇಲಿದ್ದೆ. ಪಕ್ಕದಲ್ಲಿ ಎಣ್ಣೆ ಸಾಹೇಬರು ಓಡೋಡುತ್ತ ಬರುತ್ತಿದ್ದರು. "ಮ್ಯಾಚ್ ಆಯ್ತಲ್ಲ ಸಾಬ್, ತಗೊಳ್ಳಿ!" ಎಂದು ಸೀಸೆಯನ್ನು ನನ್ನ ಕೈಗೆ ತುರುಕಿದರು.

ಬಾಗಿಲಲ್ಲಿ ಹೆಂಡತಿ ನನ್ನ ಹಣೆಯ ಬುಗುಟು ನೋಡಲಿಲ್ಲ. ನನ್ನನ್ನು ಮಗುಚಿ ಬೆನ್ನು ನೋಡಿದಳು. "ಭೂಗೋಳ" ಎಂದಳು. ಅವಳ ದನಿ ಸಣ್ಣಗಾಗಿತ್ತು. "ನಡೆದು ಬರ್ತೀನಿ ಅಂದಿದ್ರಿ."

"ಕಾಲಿಗೆ ಏನೂ ಆಗಿಲ್ಲ ಕಣೆ, ನೋಡು" ಎಂದು ಹಲಗೆಯಿಂದ ಇಳಿದೆ. ಹಿಂದೆ ಬಂದಿದ್ದ ಊರೆಲ್ಲ ಸುತ್ತ ನಿಂತಿತು. ಅಂಗಳದಲ್ಲಿ ಒಂದು, ಎರಡು, ಮೂರು ಹೆಜ್ಜೆ ನಡೆದೆ. ಹೆಂಡತಿಯ ಮುಖ ಅರಳಿತು. ನಾಲ್ಕನೆಯದು ಹೊಸ್ತಿಲಿಗೆ.

"ಬಾಗ್ಲು ಗಿಡ್ಡ ಸಾ! ಬಗ್ಗಿ!" ಎಂದು ಇಡೀ ಊರು ಒಂದೇ ದನಿಯಲ್ಲಿ ಕಿರುಚಿತು.

ಹದಿನೈದು ವರ್ಷದಲ್ಲಿ ಅಭಿಮಾನಿಗಳೆಲ್ಲ ಒಂದೇ ಮಾತು ಹೇಳಿದ್ದೂ ಅದನ್ನು ನಾನು ತಕ್ಷಣ ಕೇಳಿದ್ದೂ ಅದೊಂದೇ ಸಲ. ಗಬಕ್ಕನೆ ಬಗ್ಗಿದೆ. ತಲೆ ಉಳಿಯಿತು. ಮಂಡಿ ಕಟಕ್ ಎಂದಿತು.

ಹಲಗೆ ಹೊತ್ತು ಆಗಲೇ ಹೊರಟಿದ್ದವರನ್ನು ಹೆಂಡತಿ ಕೂಗಿ ಕರೆದಳು. "ತರ್ರಪ್ಪಾ ಇಲ್ಲಿ. ಇವರು ಇನ್ನೂ ನಡುಮನೆವರೆಗೆ ಹೋಗ್ಬೇಕು."